ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರಲ್ಲಿದೆ?

2007ರ ಮಾತು. ಪಿರಿಯಾಪಟ್ಟಣ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಮಕ್ಕಳಿಗೆ ಕಥೆ ಹೇಳಲೆಂದು ನಾವು ಹೋಗಿದ್ದೆವು. ಕಾರ್ಯಕ್ರಮ ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಬಹಳ ಅಭಿಮಾನದಿಂದ 'ಬನ್ನಿ, ನಮ್ಮ ಕಂಪ್ಯೂಟರ್ ಕೋಣೆ ನೋಡುವಿರಂತೆ' ಎಂದು ಕರೆದುಕೊಂಡು ಹೋದರು. ಕಬ್ಬಿಣದ ಗ್ರಿಲ್ಲು, ಅದರ ಹಿಂದೆ ಬಾಗಿಲು, ಎರಡಕ್ಕೂ ಬೀಗ. ಚಪ್ಪಲಿ ಹೊರಗೆ ಬಿಟ್ಟು ಒಳಹೊಕ್ಕೆವು. ಹತ್ತು ಕಂಪ್ಯೂಟರುಗಳು ಕಸೂತಿ ಹಾಕಿದ ಬಟ್ಟೆ ಹೊದ್ದು ಕುಳಿತಿದ್ದವು. ಬಟ್ಟೆ ಸರಿಸಿದರೆ ಪ್ರತಿಯೊಂದರ ಹಣೆಯ ಮೇಲೂ ಒಣಗಿದ ಕುಂಕುಮ. ಬಾಗಿಲಲ್ಲಿ ಇಣುಕುತ್ತಿದ್ದ ಹುಡುಗನೊಬ್ಬನನ್ನು 'ಇದನ್ನ ಯಾವತ್ತಾದರೂ ಮುಟ್ಟಿದ್ದೀಯೇನಪ್ಪ?' ಎಂದು ಕೇಳಿದೆವು. 'ಹೂಂ ಸಾ, ಆಯುಧಪೂಜೆ ದಿನ ಒರೆಸಿದ್ದೀನಿ' ಎಂದ.

ಇದನ್ನು ಓದಿ ನಮ್ಮವರು ನಗಬೇಕಾಗಿಲ್ಲ. ಅದಾದ ಕೆಲವೇ ತಿಂಗಳಲ್ಲಿ ನಮ್ಮದೇ ಸಮುದಾಯದ ದಾನಿಗಳು ಒಂದು ಉರ್ದು ಶಾಲೆಗೆ ಕೊಟ್ಟ ಕಂಪ್ಯೂಟರುಗಳ ಉದ್ಘಾಟನೆಗೂ ಹೋಗಿದ್ದೆವು. ಅಲ್ಲಿ ಕುಂಕುಮದ ಬದಲು ಗುಲಾಬಿ ಹಾರ, ಮಂಗಳಾರತಿಯ ಬದಲು ದುವಾ. ಫೋಟೋ ತೆಗೆಸಿಕೊಂಡರು, ಭಾಷಣ ಮಾಡಿದರು, ಬಿರಿಯಾನಿ ಉಂಡರು. ಮರುದಿನದಿಂದ ಅಲ್ಲಿಯೂ ಬೀಗ. ದೇವರು ಬೇರೆಯಾದರೇನು, ಕಂಪ್ಯೂಟರಿನ ಮುಂದೆ ನಮ್ಮ ಎರಡೂ ಸಮುದಾಯಗಳ ಭಕ್ತಿ ಒಂದೇ: ಪೂಜಿಸುವುದು, ಮುಟ್ಟದಿರುವುದು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಎಂಬ ಈ ನಾಲ್ಕು ತಾಲೂಕುಗಳಲ್ಲಿ ಇಪ್ಪತ್ತು ವರ್ಷಗಳಿಂದ ಶಾಲೆ ಸುತ್ತಿದ ನಮಗೆ ಒಂದು ಮಾತು ಸ್ಪಷ್ಟವಾಗಿದೆ. ನಮ್ಮ ಮಕ್ಕಳ ಕಂಪ್ಯೂಟರಿಗೆ ಎರಡು ಬೀಗಗಳಿದ್ದವು. ಒಂದು ಕಬ್ಬಿಣದ್ದು, ಎಲ್ಲರಿಗೂ ಕಾಣುವಂಥದ್ದು. ಇನ್ನೊಂದು ಭಾಷೆಯ ಬೀಗ. ಅದು ಯಾರಿಗೂ ಕಾಣಲಿಲ್ಲ, ಆದ್ದರಿಂದ ಯಾರೂ ತೆಗೆಯಲಿಲ್ಲ.

ನಾವು ಏಳನೆಯ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ, ಅಲ್ಲಿಂದ ಮುಂದೆ ಕನ್ನಡ ಮಾಧ್ಯಮದಲ್ಲಿ. ಮನೆಗೆ ಮೊದಲ ಕಂಪ್ಯೂಟರ್ ಬಂದದ್ದು 2003ರಲ್ಲಿ. ಮೈಸೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಜೋಡಣೆಯ ಯಂತ್ರ. ಬಸ್ಸಿನಲ್ಲಿ ಮಾನಿಟರನ್ನು ಮಡಿಲಲ್ಲಿಟ್ಟುಕೊಂಡು ಹುಣಸೂರಿಗೆ ತಂದೆವು. ಒಳಗಿದ್ದ ತಂತ್ರಾಂಶಗಳೆಲ್ಲ ಕಳ್ಳ ಪ್ರತಿಗಳು. ಪ್ರಾಮಾಣಿಕತೆಯ ಬಗ್ಗೆ ಭಾಷಣ ಬರೆದುಕೊಡಿ ಎಂದು ಬರುತ್ತಿದ್ದವರಿಗೆ ನಾವು ಭಾಷಣ ಟೈಪು ಮಾಡಿಕೊಡುತ್ತಿದ್ದುದು ಅದೇ ಕದ್ದ ತಂತ್ರಾಂಶದಲ್ಲಿ! ಆಗ ಉರ್ದು ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿದ್ದ ನಮ್ಮ ತಂಗಿ ಒಂದು ಸಂಜೆ ಕೀಲಿಮಣೆಯ ಮುಂದೆ ಕುಳಿತು ತನ್ನ ಹೆಸರು ಬರೆಯಲು ಹೊರಟಳು. ಉರ್ದು ಅಕ್ಷರ ಇಲ್ಲ. ಕನ್ನಡ ಅಕ್ಷರ ಇಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದಳು: 'ಭಾಯಿಜಾನ್, ಇದಕ್ಕೆ ನಮ್ಮ ಮಾತು ಬರೋಲ್ವಾ?'

'ಬರೋಲ್ಲ' ಎಂದೆವು. ಅದು ಸುಳ್ಳಾಗಿತ್ತು, ಅದು ಸುಳ್ಳೆಂದು ನಮಗೆ ಗೊತ್ತಿರಲಿಲ್ಲ.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ದಫ್ತರು ಮಾಡಿದ ಯೂನಿಕೋಡ್ 1991ರಲ್ಲಿ ಮೊದಲ ಸಲ ಪ್ರಕಟವಾದಾಗಲೇ ಅದರಲ್ಲಿ ಕನ್ನಡವಿತ್ತು. ಉರ್ದು ಬರೆಯುವ ಅರಬ್ಬಿ ಲಿಪಿಯೂ ಇತ್ತು. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಇಂಗ್ಲಿಷಿನ ಸಣ್ಣ ಕೆ 107, ಉರ್ದುವಿನ ಕಾಫ್ 1705, ಕನ್ನಡದ ಕ 3221. ಒಂದೇ ಸಾಲಿನಲ್ಲಿ ನಿಂತಿದ್ದಾರೆ, ಮೇಲಿಲ್ಲ ಕೀಳಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರ ಶೈಲಿಯೂ ಇತ್ತು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಚೌಕದಲ್ಲಿ ಗುರುತು ಹಾಕಿ, ಸಿ.ಡಿ. ತುರುಕಿದರೆ ಕನ್ನಡವೂ ಏಳುತ್ತಿತ್ತು, ನಸ್ತಾಲೀಖ್ ಅಲ್ಲದಿದ್ದರೂ ನಸ್ಖ್ ಶೈಲಿಯಲ್ಲಿ ಉರ್ದುವೂ ಏಳುತ್ತಿತ್ತು. ಆದರೆ ಆ ಚೌಕ ಎಲ್ಲಿದೆಯೆಂದು ನಮಗೆ ಹೇಳಿದವರಿಲ್ಲ. ಮಾರಿದವನಿಗೂ ಗೊತ್ತಿರಲಿಲ್ಲ, ಶಾಲೆಯ ಬೋಧಕನಿಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದ್ದರ ಬೆಲೆ ಏನೆಂದು ಹೇಳುತ್ತೇವೆ. ಆ ದಿನಗಳಲ್ಲಿ ನಾವು ಕಥೆಗಳನ್ನು ಟೈಪು ಮಾಡುತ್ತಿದ್ದುದು ಆಗ ಚಾಲ್ತಿಯಲ್ಲಿದ್ದ ಒಂದು ಅಕ್ಷರ ತಂತ್ರಾಂಶದಲ್ಲಿ. ಅದರ ಗುಟ್ಟು ಇಷ್ಟೆ: ಕಡತದೊಳಗೆ ಉಳಿಯುವುದು ರೋಮನ್ ಅಕ್ಷರಗಳು, ಮೇಲೆ ಕನ್ನಡದ ವೇಷ. ವೇಷ ಕೊಡುವ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡಿನ ಗುರುತು, ನೆತ್ತಿಯ ಮೇಲೆ ಗೀಟೆಳೆದುಕೊಂಡ ಎ, ಎಂಥದೋ ಕಸ. ಪತ್ರಿಕೆಗೆ ಕಥೆ ಕಳಿಸಿದರೆ ಅವರ ಬಳಿ ಬೇರೆ ವೇಷ. ಫೋನು ಮಾಡಿ 'ಕೈಯಲ್ಲೇ ಬರೆದು ಕಳಿಸಿ ಸಾಬರೇ' ಎನ್ನುತ್ತಿದ್ದರು. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತಿತು. ಆ ಹಳೆಯ ಯಂತ್ರವೂ ಕೆಟ್ಟು, ಹಾರ್ಡ್ ಡಿಸ್ಕನ್ನು ಬೇರೆಡೆ ತೆರೆಸಿ ನೋಡಿದಾಗ ನಮ್ಮ ಹನ್ನೊಂದು ಕಥೆಗಳು ಆ ಕಸವಾಗಿ ನಿಂತಿದ್ದವು. ಪರಿವರ್ತಕಗಳಿಗೆ ಹಾಕಿ, ಒತ್ತಕ್ಷರ ಅರ್ಕಾವತ್ತುಗಳನ್ನು ಒಂದೊಂದಾಗಿ ತಿದ್ದಿ ಏಳನ್ನು ಉಳಿಸಿಕೊಂಡೆವು. ನಾಲ್ಕು ಹೋದವು.

ಉರ್ದುವಿನ ಕಥೆಯೂ ಇದೇ. ಮದುವೆ ಕಾಗದದ ಕನ್ನಡ ಭಾಗ ಕೆ.ಆರ್.ನಗರದ ಡಿಟಿಪಿ ಅಂಗಡಿಯಲ್ಲಿ ಆಗುತ್ತಿತ್ತು. ಉರ್ದು ಭಾಗಕ್ಕೆ ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಓಡಬೇಕು. ಪಾಕಿಸ್ತಾನದಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಅವರು ಕಾತಿಬರ ಕೈಬರಹದ ಸುಮಾರು 20,000 ಅಕ್ಷರ ಜೋಡಣೆಗಳನ್ನು ಬಿಡಿಸಿ ನೂರಿ ನಸ್ತಾಲೀಖ್ ಮಾಡಿದ್ದು, ಅದರಲ್ಲಿ 1981ರಲ್ಲಿ ಲಾಹೋರಿನ ಜಂಗ್ ಪತ್ರಿಕೆ ಅಚ್ಚಾದದ್ದು ದೊಡ್ಡ ಸಾಧನೆ. 1994ರಲ್ಲಿ ದೆಹಲಿಯಲ್ಲಿ ತಯಾರಾದ ಇನ್‌ಪೇಜ್ ಅದನ್ನು ಡಿಟಿಪಿ ಅಂಗಡಿಗಳಿಗೆ ತಂದಿತು. ಆದರೆ ಅಂಗಡಿಗೆ ಬಂದದ್ದು ಶಾಲೆಗೆ ಬರಲಿಲ್ಲ. ಉರ್ದು ಶಾಲೆಯ ಮಗು ಪರದೆಯ ಮೇಲೆ ತನ್ನ ಲಿಪಿಯನ್ನು ಕಾಣಲೇ ಇಲ್ಲ.

'ತಂತ್ರಜ್ಞಾನ ಇರಲಿಲ್ಲ, ಏನು ಮಾಡಲಿಕ್ಕಾಗುತ್ತೆ' ಎನ್ನುವವರಿಗೆ ನಾವು ತಾಲೂಕು ಕಚೇರಿಯನ್ನು ತೋರಿಸುತ್ತೇವೆ. 2001ರಲ್ಲೇ ಸರ್ಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು, ಅದೂ ಕನ್ನಡದಲ್ಲಿ. ಹೊಗೆಸೊಪ್ಪಿನ ರೈತ ತನ್ನ ಜಮೀನನ್ನು ಕಂಪ್ಯೂಟರಿನಿಂದ ಕನ್ನಡದಲ್ಲಿ ಓದುತ್ತಿದ್ದ ಅದೇ ದಿನಗಳಲ್ಲಿ, ಅವನ ಮಗ ಶಾಲೆಯಲ್ಲಿ ಅದೇ ಯಂತ್ರದ ಮುಂದೆ ಬಾಯಿಲ್ಲದವನಾಗಿ ನಿಂತಿದ್ದ. ಜಮೀನಿನ ವಿಷಯಕ್ಕೆ ಸರ್ಕಾರಕ್ಕೆ ಕನ್ನಡ ಬೇಕಾಯಿತು. ಮಕ್ಕಳ ವಿಷಯಕ್ಕೆ ಬೇಡವಾಯಿತು. ಇದು ತಂತ್ರಜ್ಞಾನದ ಕೊರತೆಯೋ, ಮನಸ್ಸಿನ ಕೊರತೆಯೋ?

ದುಡಿದವರು ಇರಲಿಲ್ಲವೆಂದಲ್ಲ. ಕೆ.ಪಿ.ರಾವ್ ಅವರು ಕನ್ನಡದ ಕೀಲಿಮಣೆ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು 1998ರಲ್ಲಿ ಬರಹ ತಂತ್ರಾಂಶ ಹೊರತಂದರು. ಕನ್ನಡ ಗಣಕ ಪರಿಷತ್ತು ನುಡಿಯನ್ನು ತಂದಿತು. ಯು.ಬಿ.ಪವನಜ ಅವರು ಮಕ್ಕಳು ಕಂಪ್ಯೂಟರಿಗೆ ತಾವೇ ಆಜ್ಞೆ ಕೊಡುವ ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದರು. ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಳ್ಳುವವರೆಗೂ ಕನ್ನಡ ತಂತ್ರಾಂಶಕ್ಕಾಗಿ ಜಗಳವಾಡಿದರು. ಒಬ್ಬ ಕಾದಂಬರಿಕಾರನಿಗೆ ಅರ್ಥವಾದದ್ದು ನಮ್ಮ ಶಾಲೆಗಳನ್ನು ನಡೆಸುವವರಿಗೆ ಅರ್ಥವಾಗಲಿಲ್ಲ. ನಾವು ಕಂಡ ಯಾವ ಶಾಲೆಯ ಕೋಣೆಯಲ್ಲೂ ಕನ್ನಡದ ಲೋಗೋ ಇರಲಿಲ್ಲ.

ಅಲ್ಲಿ ಏನಿತ್ತು? ಕೇಂದ್ರ ಸರ್ಕಾರ 2004ರ ಡಿಸೆಂಬರಿನಲ್ಲಿ ಶಾಲೆಗಳಿಗೆ ಐಸಿಟಿ ಯೋಜನೆ ತಂದಿತು. ಅದರಲ್ಲಿ ನಮ್ಮ ರಾಜ್ಯ ಅನುಸರಿಸಿದ ಒಂದು ದಾರಿಯೆಂದರೆ ಗುತ್ತಿಗೆ. ಖಾಸಗಿ ಸಂಸ್ಥೆ ಯಂತ್ರ ತಂದಿಡುತ್ತದೆ, ತನ್ನದೇ ಬೋಧಕನನ್ನು ಕಳಿಸುತ್ತದೆ, ಐದು ವರ್ಷ ನಡೆಸಿ ಯಂತ್ರಗಳನ್ನು ಶಾಲೆಗೆ ಬಿಟ್ಟು ಹೋಗುತ್ತದೆ. ನಾವು ಮಾತಾಡಿಸಿದ ಇಂಥ ಬೋಧಕರು ಕಡಿಮೆ ಸಂಬಳದ ಪಾಪದ ಹುಡುಗರು. ಶಾಲೆಯ ಮೇಷ್ಟ್ರುಗಳಿಗೆ ಆ ಕೋಣೆ ಪರರಾಜ್ಯ. ಐದು ವರ್ಷ ಮುಗಿದ ಮೇಲೆ ಉಳಿದದ್ದು ಹಳೆಯ ಯಂತ್ರ ಮತ್ತು ಆ ಬೀಗ. ಕಲಿಸಿದ್ದಾದರೂ ಏನು? ಫೈಲ್, ಎಡಿಟ್, ವ್ಯೂ ಎಂದು ಒಂದು ಕಂಪನಿಯ ಮೆನುಗಳ ಬಾಯಿಪಾಠ. ಅದೇ ಕಂಪನಿ ತನ್ನ 2007ರ ಆಫೀಸ್ ತಂತ್ರಾಂಶದಲ್ಲಿ ಆ ಮೆನುಗಳನ್ನೇ ಎತ್ತಿಹಾಕಿ ಹೊಸ ಪಟ್ಟಿ ತಂದಾಗ ಬಾಯಿಪಾಠ ಮಾಡಿದ ಮಕ್ಕಳ ಗತಿ ಏನು?

ಇದಕ್ಕೆ ಬೇರೆ ದಾರಿ ಇತ್ತೇ? ಇತ್ತು. ದೂರದಲ್ಲೂ ಅಲ್ಲ. ಎಚ್.ಡಿ.ಕೋಟೆಯಿಂದ ಅಂತರಸಂತೆ ದಾಟಿ, ಕಾಡಿನ ರಸ್ತೆಯಲ್ಲಿ ಬಾವಲಿಯ ಗೇಟು ದಾಟಿದರೆ ವಯನಾಡು. 2009ರಲ್ಲಿ ಮಾನಂತವಾಡಿಯ ನೆಂಟರ ಮನೆಯ ಮದುವೆಗೆ ಹೋದಾಗ ಸರ್ಕಾರಿ ಶಾಲೆಯ ಹುಡುಗಿಯೊಬ್ಬಳ ಕಂಪ್ಯೂಟರ್ ಪಠ್ಯಪುಸ್ತಕ ನೋಡಿದೆವು. ಅದು ಮಲಯಾಳದಲ್ಲಿತ್ತು. ಅವಳಿಗೆ ಕಲಿಸುತ್ತಿದ್ದವರು ಗುತ್ತಿಗೆಯವರಲ್ಲ, ಅವಳ ಗಣಿತದ ಟೀಚರೇ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರು ಮಾಡಿ, ತನ್ನ ಶಿಕ್ಷಕರಿಗೇ ತರಬೇತಿ ಕೊಟ್ಟು, ಮುಂದೆ ಶಾಲೆಗಳನ್ನು ಸಂಪೂರ್ಣವಾಗಿ ಸ್ವತಂತ್ರ ತಂತ್ರಾಂಶಕ್ಕೆ, ಅಂದರೆ ಗ್ನು/ಲಿನಕ್ಸ್‌ಗೆ ತಿರುಗಿಸಿತು. ಅದಕ್ಕೆ ಲೈಸೆನ್ಸಿನ ಹಣ ಕೊಡಬೇಕಿಲ್ಲ, ಕದಿಯಬೇಕಿಲ್ಲ, ಬಿಚ್ಚಿ ನೋಡಬಹುದು, ತಮ್ಮ ಭಾಷೆಗೆ ತಿರುಗಿಸಿಕೊಳ್ಳಬಹುದು. ಆ ಯೋಜನೆಯೇ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ನಮಗೆ ನಾಚಿಕೆಯಾಗಬೇಕಾದ ಸಂಗತಿ ಇನ್ನೊಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯವನ್ನು ಕೇರಳ ಸರ್ಕಾರ ಕನ್ನಡದಲ್ಲೇ ಅಚ್ಚು ಹಾಕಿ ಕೊಡುತ್ತದೆ!

'ಇಂಗ್ಲಿಷ್ ಇಲ್ಲದೆ ಕೆಲಸ ಸಿಗುತ್ತದೆಯೇ? ನಿಮ್ಮ ಭಾಷಾಭಿಮಾನ ಬಡ ಮಕ್ಕಳ ಹೊಟ್ಟೆಯ ಮೇಲೆ ಹೊಡೆಯುತ್ತದೆ' ಎಂದು ಕೆಲವರು ಹೇಳುತ್ತಾರೆ. ನಮ್ಮ ಸಮುದಾಯದ ಹಿರಿಯರೂ ಹೇಳುತ್ತಾರೆ. ನಾವು ಇಂಗ್ಲಿಷಿನ ವೈರಿಗಳಲ್ಲ. ಆದರೆ ಕಡತವೆಂದರೇನು, ಯಂತ್ರಕ್ಕೆ ಆಜ್ಞೆ ಕೊಡುವುದು ಹೇಗೆ ಎಂಬುದನ್ನು ತನ್ನ ಮಾತಿನಲ್ಲಿ ತಿಳಿದ ಮಗು ಇಂಗ್ಲಿಷಿನ ಮೆನುವನ್ನು ಒಂದು ವಾರದಲ್ಲಿ ಕಲಿಯುತ್ತದೆ. ಮೆನು ಮಾತ್ರ ಕಲಿತ ಮಗು ಇಂಗ್ಲಿಷನ್ನೂ ಕಲಿಯಲಿಲ್ಲ, ಕಂಪ್ಯೂಟರನ್ನೂ ಕಲಿಯಲಿಲ್ಲ. ಇಪ್ಪತ್ತು ವರ್ಷ ಇಂಗ್ಲಿಷಿನ ಹೆಸರಿನಲ್ಲಿ ಆ ಕೋಣೆ ನಡೆಸಿದಿರಲ್ಲ, ಅಲ್ಲಿಂದ ಎಷ್ಟು ಮಕ್ಕಳು ಕಂಪ್ಯೂಟರ್ ಬಲ್ಲವರಾಗಿ ಹೊರಬಂದರು, ಲೆಕ್ಕ ಕೊಡಿ.

ಈಗ ಎಲ್ಲರ ಕೈಯಲ್ಲೂ ಫೋನಿದೆ, ಇದು ಹಳೆಯ ಜಗಳ ಎನ್ನಬಹುದು. ಹಳೆಯದಲ್ಲ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಎಚ್.ಡಿ.ಕೋಟೆಯ ಹಾಡಿಗಳಲ್ಲಿ ಜೇನುಕುರುಬರ ಮಕ್ಕಳಿಗೆ ಫೋನೂ ಇರಲಿಲ್ಲ, ಸಿಗ್ನಲ್ಲೂ ಇರಲಿಲ್ಲ. ಅವರಿಗೆ ಕನ್ನಡವೇ ಎರಡನೆಯ ಭಾಷೆ ಎಂಬುದನ್ನಂತೂ ಯಾರೂ ನೆನೆಯಲಿಲ್ಲ. ಫೋನಿರುವ ನಮ್ಮ ಮಕ್ಕಳೋ, ಕನ್ನಡವನ್ನೂ ಉರ್ದುವನ್ನೂ ರೋಮನ್ ಅಕ್ಷರದಲ್ಲಿ ಒತ್ತುತ್ತಿದ್ದಾರೆ. ಫೋನಿನಲ್ಲಿ ಎರಡೂ ಲಿಪಿಗಳಿವೆ, ನಸ್ತಾಲೀಖ್ ಕೂಡ ಇದೆ. ಆದರೆ 'ನಮ್ಮ ಮಾತು ಇದಕ್ಕೆ ಬರೋಲ್ಲ' ಎಂಬ ಪಾಠವನ್ನು ನಾವು ಆಗಲೇ ಕಲಿಸಿಯಾಗಿದೆ. ಯಂತ್ರ ಬದಲಾಯಿತು, ಪಾಠ ಉಳಿಯಿತು.

ಆದ್ದರಿಂದ ಈ ನಾಲ್ಕು ತಾಲೂಕುಗಳ ಶಾಲಾಭಿವೃದ್ಧಿ ಸಮಿತಿಯ ಸದಸ್ಯರಲ್ಲಿ, ಜಮಾತಿನ ಹಿರಿಯರಲ್ಲಿ ನಮ್ಮ ಬೇಡಿಕೆ ಸರಳ. ಮುಂದಿನ ಸಭೆಯಲ್ಲಿ ಮೂರೇ ಪ್ರಶ್ನೆ ಕೇಳಿ. ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರಲ್ಲಿದೆ? ಒಳಗಿನ ತಂತ್ರಾಂಶ ಕೊಂಡದ್ದೋ, ಕದ್ದದ್ದೋ, ಸ್ವತಂತ್ರವಾದದ್ದೋ? ಮಗು ಅದರಲ್ಲಿ ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಬರೆಯಬಲ್ಲುದೇ? ದಾನಿಗಳೇ, ಇನ್ನೊಂದು ಡಬ್ಬ ಕೊಡಿಸಿ ಫೋಟೋ ತೆಗೆಸಿಕೊಳ್ಳಬೇಡಿ. ಆ ದುಡ್ಡಿನಲ್ಲಿ ಇಬ್ಬರು ಶಿಕ್ಷಕಿಯರನ್ನು ತರಬೇತಿಗೆ ಕಳಿಸಿ. ಸರ್ಕಾರವೇ, ಕಾಸರಗೋಡಿನ ಮಗುವಿಗೆ ಪಕ್ಕದ ರಾಜ್ಯ ಕೊಡುವ ಕನ್ನಡ ಪಠ್ಯವನ್ನು ಪಿರಿಯಾಪಟ್ಟಣದ ಮಗುವಿಗೂ ಕೊಡು. ಉರ್ದು ಶಾಲೆಯ ಮಗುವಿಗೆ ಉರ್ದುವಿನಲ್ಲಿ ಕೊಡು.

ನಮ್ಮ ತಂಗಿ ಈಗ ಕೆ.ಆರ್.ನಗರದಲ್ಲಿದ್ದಾಳೆ. ಅವಳ ಮಗಳು ಆರನೆಯ ತರಗತಿ. ಹೋದ ತಿಂಗಳು ಅವರ ಮನೆಯ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟು ಬಂದೆವು. ಮಗು ತನ್ನ ಹೆಸರನ್ನು ಮೊದಲು ಕನ್ನಡದಲ್ಲಿ, ಆಮೇಲೆ ಉರ್ದುವಿನಲ್ಲಿ ಬರೆದಳು. ನಂತರ ತಾಯಿಯ ಹೆಸರು ಬರೆದಳು. ತಂಗಿ ಪರದೆಯನ್ನು ನೋಡುತ್ತ ಸುಮ್ಮನೆ ನಿಂತಿದ್ದಳು. ಆಮೇಲೆ ನಮ್ಮ ಕಡೆ ತಿರುಗಿ, 'ಅವತ್ತು ಬರೋಲ್ಲ ಅಂದಿದ್ರಲ್ಲ ಭಾಯಿಜಾನ್' ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ನಾವೊಬ್ಬರೇ ಅಲ್ಲ.