ಹತ್ತುವುದು ತಾನಾಗಿ ಬರುತ್ತದೆ, ಇಳಿಯುವುದನ್ನು ಕಲಿಸಬೇಕು



ಜೂನ್ ಬಂತೆಂದರೆ ನಮ್ಮ ಬಂಡ್ರಿಯಲ್ಲಿ ಮನೆಮನೆಗೂ ಹೊಸ ಪಾಟಿಚೀಲ, ಹೊಸ ಯೂನಿಫಾರಂ, ಟಿಫನ್ ಡಬ್ಬಿಯ ಗಡಿಬಿಡಿ. ಇದರ ನಡುವೆ ನಾವು ಮರೆಯುವ ಮಾತೊಂದುಂಟು. ಮಗು ಶಾಲೆಯ ಮೆಟ್ಟಿಲು ಇಳಿಯಬಲ್ಲದೇ?

"ಅದೇನು ದೊಡ್ಡ ವಿದ್ಯೆಯೇ?" ಎಂದು ನಗಬೇಡಿ. ನಾನೂ ನಕ್ಕವಳೇ. ಪಕ್ಕದ ಮನೆಯ ಒಂದನೇ ತರಗತಿಯ ಹುಡುಗಿ, ಶಾಲೆ ಬಿಡುವ ಹೊತ್ತಿನಲ್ಲಿ ಮೆಟ್ಟಿಲಿನಿಂದ ಉರುಳಿ ಮುಂಗೈ ಮುರಿದುಕೊಂಡಳು. "ಹೆಂಗ ಬಿದ್ದೆವ್ವಾ?" ಎಂದು ಕೇಳಿದೆ. "ಹಿಂದಿನೋರು ನೂಕಿದ್ರು ದೊಡ್ಡಮ್ಮ, ಕೈಯಾಗ ಚೀಲ, ನೀರಿನ ಬಾಟ್ಲಿ ಇತ್ತು" ಎಂದಳು. ಹಿಡಿದುಕೊಳ್ಳಲು ಪಾಪ, ಕೈಯೇ ಖಾಲಿ ಇರಲಿಲ್ಲ!

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಮೇಲೆ ಹೋಗಲು ಏಣಿ. ಏಣಿಗೆ ಮುಖ ಮಾಡಿ, ಎರಡೂ ಕೈಯಲ್ಲಿ ಹಿಡಿದು ಇಳಿಯುತ್ತೇವೆ. ಶಾಲೆಯ ಮೆಟ್ಟಿಲಾದರೋ ಬಯಲಿಗೆ ಮುಖ ಮಾಡಿ ಇಳಿಯುವಂಥದ್ದು. ಸುಮಾರು ಮೂರು ವರ್ಷಕ್ಕೆ ಮಗು ಮೆಟ್ಟಿಲಿಗೊಂದು ಕಾಲಿಟ್ಟು ಹತ್ತುತ್ತದೆ. ಹಾಗೆಯೇ ಇಳಿಯಲು ನಾಲ್ಕಾದರೂ ಆಗಬೇಕು. ಅದಕ್ಕೆ ಮೊದಲು ಎರಡೂ ಕಾಲನ್ನು ಒಂದೇ ಮೆಟ್ಟಿಲ ಮೇಲಿಟ್ಟು ಇಳಿದರೆ ಗದರಬೇಡಿ.

ಕಲಿಸುವುದು ಹೀಗೆ. ಗುಡಿಯ ಮೆಟ್ಟಿಲಾದರೂ ಸಾಕು. ನೀವು ಮಗುವಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿ. ಒಂದು ಕೈ ಕಂಬಿ ಅಥವಾ ಗೋಡೆಯ ಮೇಲಿರಲಿ. ಒಂದು, ಎರಡು ಎಂದು ಎಣಿಸುತ್ತಾ ಇಳಿಯಲಿ. ಲೆಕ್ಕವೂ ಬಂತು, ಓಟವೂ ನಿಂತಿತು. ಎರಡು ದಿನದ ನಂತರ ಪುಸ್ತಕ ತುಂಬಿದ ಚೀಲ ಬೆನ್ನಿಗೆ ಹಾಕಿಸಿ ಅದೇ ಅಭ್ಯಾಸ ಮಾಡಿಸಿ. ಬಾಟಲಿ ಚೀಲದೊಳಗೇ ಇರಲಿ. ಮುಂದಿನ ವರ್ಷಕ್ಕೂ ಆಗಲೆಂದು ದೊಡ್ಡ ಅಳತೆಯ ಚಪ್ಪಲಿ ಕೊಳ್ಳುವ ಉಳಿತಾಯ ಬೇಡ. ಮಳೆಗಾಲದಲ್ಲಿ ಅಂಗಾಲಿಗೆ ಮೆತ್ತಿದ ನಮ್ಮ ಕೆಂಪು ಮಣ್ಣು ಜಾರುತ್ತದೆ. ಒರೆಸಿಕೊಂಡು ಹತ್ತಲು ಹೇಳಿ.

ಮಗು ಕಲಿತರಷ್ಟೇ ಸಾಲದು, ಶಾಲೆಯೂ ಸಿದ್ಧವಿರಬೇಕು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದಕ್ಕೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಹೊರಬರಲು ಇದ್ದ ಮೆಟ್ಟಿಲ ದಾರಿ ಇಕ್ಕಟ್ಟು. ನೆನೆದರೆ ಇಂದಿಗೂ ಹೊಟ್ಟೆ ಕಿವುಚುತ್ತದೆ.

ಆದ್ದರಿಂದ ಎಸ್‌ಡಿಎಂಸಿ ಸಭೆಗೆ ಹೋದಾಗ ಸುಮ್ಮನೆ ಸಹಿ ಮಾಡಿ ಬರಬೇಡಿ. ಚಿಕ್ಕ ತರಗತಿಗಳು ಕೆಳಗೇ ಇವೆಯೇ? ಗಂಟೆ ಹೊಡೆದಾಗ ಒಂದೊಂದೇ ತರಗತಿಯನ್ನು ಬಿಡುತ್ತಾರೆಯೇ? ಮೆಟ್ಟಿಲ ಮೇಲೆ ಮುರಿದ ಬೆಂಚು ಇಟ್ಟಿಲ್ಲವಷ್ಟೇ? ಮಗುವಿನ ಕೈಗೆ ಎಟಕುವ ಕಂಬಿ ಇದೆಯೇ? ಕೇಳಿ. ಮಗುವಿನ ಕಂಪಾಸಿನಲ್ಲಿರುವ 15 ಸೆಂಟಿಮೀಟರ್ ಪಟ್ಟಿಯನ್ನೂ ಒಯ್ಯಿರಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಶಾಲೆಯ ಮೆಟ್ಟಿಲು ಅದಕ್ಕಿಂತ ಎತ್ತರ ಇರಬಾರದು. ಕಾಲಿಡುವ ಅಗಲ ಅದರ ಎರಡರಷ್ಟಿರಬೇಕು. ಎಲ್ಲ ಮೆಟ್ಟಿಲೂ ಒಂದೇ ಎತ್ತರವಿರಲಿ. ಒಂದು ಹೆಚ್ಚುಕಡಿಮೆಯಾದರೂ ಕಾಲು ತಪ್ಪುತ್ತದೆ.

ರಜೆಯಲ್ಲಿ ಆನೆಗೊಂದಿ ಬಳಿಯ ಅಂಜನಾದ್ರಿಗೆ ಕರೆದೊಯ್ಯಿರಿ. ಅಲ್ಲಿ 575 ಮೆಟ್ಟಿಲು, ಎಣಿಸಲು ಬೇಕಾದಷ್ಟಾಯಿತು! ಹತ್ತುವಾಗ ಮಗುವಿನ ಹಿಂದಿರಿ, ಇಳಿಯುವಾಗ ಮುಂದಿರಿ. ಎರಡು ಸಲವೂ ಕೆಳಗಿನ ಮೆಟ್ಟಿಲಲ್ಲಿ ತಾಯಿ ಇರಬೇಕು, ಅಷ್ಟೇ.