ಸಂಜೆ ಐದಕ್ಕೆ ಸಿಕ್ಕ ಕೆಲಸ

ಬೆಳಿಗ್ಗೆ ಏಳರ ಹೊತ್ತಿಗೆ ಬೆಂಗಳೂರಿನ ರಸ್ತೆಗಳಲ್ಲಿ ಆಫೀಸ್ ಕ್ಯಾಬ್ ಹತ್ತಿ ಹೋಗೋರು ಇದನ್ನ ನೋಡೇ ಇರ್ತೀರಿ. ಕೆಲವು ಸರ್ಕಲ್‌ಗಳ ಬದಿಯಲ್ಲಿ ಗಾರೆ ಕೆಲಸದವರು, ಪೇಂಟರ್‌ಗಳು, ಮಣ್ಣು ಹೊರುವ ಹೆಂಗಸರು ಊಟದ ಡಬ್ಬಿ ಹಿಡಿದು ನಿಂತಿರ್ತಾರೆ. ಮೇಸ್ತ್ರಿ ಬಂದು ಕರೆದರೆ ಆ ದಿನಕ್ಕೆ ಕೂಲಿ. ಹೊತ್ತು ಏರಿದ ಮೇಲೂ ಅಲ್ಲೇ ನಿಂತಿದ್ದರೆ ಆ ದಿನ ಹೋಯ್ತು ಅಂತಲೇ ಅರ್ಥ.

ಎರಡು ಸಾವಿರ ವರ್ಷದ ಹಿಂದೆ ಯೇಸುಸ್ವಾಮಿ ಓಡಾಡಿದ ಊರುಗಳ ಸಂತೆಬೀದಿಯಲ್ಲೂ ಇಂಥದ್ದೇ ನೋಟ ಇತ್ತು. ಅದನ್ನೇ ಇಟ್ಟುಕೊಂಡು ಅವರು ಒಂದು ಕಥೆ ಹೇಳಿದರು. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ಮೊದಲ 16 ವಚನಗಳಲ್ಲಿ ಅದು ಇದೆ. ಓದೋಕೆ ಮೂರು ನಿಮಿಷ ಸಾಕು. ಈಗ ಕೆಲಸ ಕಳ್ಕೊಂಡು ಮನೆಯಲ್ಲಿರೋ ಗೆಳೆಯರು ನಿಮಗೂ ಇದ್ದರೆ, ಅಥವಾ ನೀವೇ ಹಾಗಿದ್ದರೆ, ಈ ವಾರ ಇದನ್ನ ಒಟ್ಟಿಗೆ ಓದೋಣ.

ಕಥೆ ಹೀಗಿದೆ. ದ್ರಾಕ್ಷಿ ತೋಟದ ಯಜಮಾನನೊಬ್ಬ ಬೆಳಗಿನ ಜಾವವೇ ಸಂತೆಬೀದಿಗೆ ಹೋಗಿ, ದಿನಕ್ಕೆ ಒಂದು ದೆನಾರಿ ಅಂತ ಮಾತಾಡಿ ಆಳುಗಳನ್ನ ಕರ್ಕೊಂಡು ಬರ್ತಾನೆ. ಒಂಬತ್ತಕ್ಕೆ ಮತ್ತೆ ಹೋಗ್ತಾನೆ. ಮಧ್ಯಾಹ್ನ ಹನ್ನೆರಡಕ್ಕೆ, ಮೂರಕ್ಕೆ ಮತ್ತೆ. ಕೆಲಸ ಮುಗಿಯೋಕೆ ಇನ್ನೊಂದೇ ಗಂಟೆ ಇರುವಾಗ, ಸಂಜೆ ಐದಕ್ಕೂ ಹೋಗ್ತಾನೆ. ಅಲ್ಲಿ ಇನ್ನೂ ಕೆಲವರು ನಿಂತಿದ್ದಾರೆ. ದಿನವೆಲ್ಲಾ ಇಲ್ಲಿ ಸುಮ್ಮನೆ ಯಾಕೆ ನಿಂತಿದ್ದೀರಿ ಅಂತ ಕೇಳ್ತಾನೆ. ನಮ್ಮನ್ನ ಯಾರೂ ಕೆಲಸಕ್ಕೆ ಕರೀಲಿಲ್ಲ ಅಂತಾರೆ ಅವರು. ಹಾಗಾದ್ರೆ ನೀವೂ ಹೋಗಿ ಅಂತ ಅವರನ್ನೂ ತೋಟಕ್ಕೆ ಕಳಿಸ್ತಾನೆ.

ಸ್ವಲ್ಪ ಇಲ್ಲೇ ನಿಲ್ಲೋಣ.

ಇಂಜಿನಿಯರಿಂಗ್‌ನಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬನಿಗೆ ಕೆಲಸ ಹೋಗಿ ಏಳು ತಿಂಗಳಾಯ್ತು. ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗ್, ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ಲಾಕ್. ಕೋಡ್ ಬರೆಯೋದ್ರಲ್ಲಿ ನಮ್ಮ ಬ್ಯಾಚ್‌ನಲ್ಲೇ ಗಟ್ಟಿಗ ಅವನು. ಹೋದ ತಿಂಗಳು ಚಹಾ ಕುಡೀತಾ ಹೇಳಿದ: "ದುಡ್ಡಿಂದು ಹೆಂಗೋ ಆಗುತ್ತೆ ಮಗಾ. ಫಂಕ್ಷನ್‌ಗೆ ಹೋದ್ರೆ ಮಾವ, ಚಿಕ್ಕಪ್ಪ ಎಲ್ಲಾ ಕೇಳ್ತಾರಲ್ಲ, ಈಗ ಏನ್ ಮಾಡ್ಕೊಂಡಿದ್ದೀಯಪ್ಪಾ ಅಂತ. ನಾನು ಏನೇ ಹೇಳಿದ್ರೂ ಅವರ ಮುಖದಲ್ಲಿ ಒಂದು ಡೌಟ್ ಕಾಣುತ್ತೆ. ಇವನದೇ ಏನೋ ತಪ್ಪಿರ್ಬೇಕು ಅನ್ನೋ ಡೌಟ್."

ಆ ಯಜಮಾನ ಕೇಳಿದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ಆದರೆ ಉತ್ತರ ಬಂದ ಮೇಲೆ ಅವನು ಏನು ಮಾಡಿದ ನೋಡಿ. ಬೆಳಿಗ್ಗೆ ಬೇಗ ಎದ್ದು ಬರಲಿಲ್ವಾ, ನಿಮಗೆ ಕೆಲಸ ಸರಿಯಾಗಿ ಬರಲ್ವಾ, ಬೇರೆಯವರನ್ನೆಲ್ಲಾ ಕರೆದರಲ್ಲ ನಿಮ್ಮನ್ನ ಮಾತ್ರ ಯಾಕೆ ಬಿಟ್ಟರು ಅಂತ ಒಂದು ಮಾತೂ ಕೇಳಲಿಲ್ಲ. ಅವರು ಹೇಳಿದ್ದನ್ನ ಹಾಗೇ ನಂಬಿದ. ಕೆಲಸ ಸಿಗದವನಿಗೆ ಸಂಬಳಕ್ಕಿಂತ ಮೊದಲು ಬೇಕಾಗೋದು ಈ ನಂಬಿಕೆ ಅಂತ ನನಗನ್ನಿಸುತ್ತೆ. ದೇವರು ನಮ್ಮನ್ನ ನೋಡೋ ರೀತಿ ಹೀಗೆ ಅಂತ ಯೇಸುಸ್ವಾಮಿ ಹೇಳ್ತಿದ್ದಾರೆ. ನಿಂತು ಕಾದವನನ್ನ ಅವರು ಸೋಮಾರಿ ಅಂತ ಕರೆಯೋದಿಲ್ಲ.

ಇನ್ನು ಕೂಲಿ ಕೊಡೋ ಹೊತ್ತು. ಮೋಶೆಯ ಧರ್ಮಶಾಸ್ತ್ರದಲ್ಲಿ ಒಂದು ನಿಯಮ ಇತ್ತು, ದಿನಗೂಲಿಯವನ ಕೂಲಿಯನ್ನ ಅದೇ ದಿನ ಸೂರ್ಯ ಮುಳುಗೋದ್ರೊಳಗೆ ಕೊಡಬೇಕು ಅಂತ. ಧರ್ಮೋಪದೇಶಕಾಂಡ 24ರಲ್ಲಿ ಅದು ಸಿಗುತ್ತೆ. ಬಡವ ಅದನ್ನೇ ನಂಬ್ಕೊಂಡಿರ್ತಾನೆ ಅನ್ನೋದು ಅದಕ್ಕೆ ಕಾರಣ. ಇಲ್ಲಿ ಯಜಮಾನ ಕೊನೆಗೆ ಬಂದವರಿಂದ ಶುರು ಮಾಡಿಸ್ತಾನೆ. ಒಂದು ಗಂಟೆ ದುಡಿದವರ ಕೈಗೂ ಪೂರ್ತಿ ಒಂದು ದೆನಾರಿ.

ದೆನಾರಿ ಅಂದ್ರೆ ರೋಮನ್ನರ ಬೆಳ್ಳಿ ನಾಣ್ಯ. ಆಗ ಒಬ್ಬ ಆಳಿನ ಒಂದು ದಿನದ ಕೂಲಿ ಅಷ್ಟು. ಮನೆಮಂದಿಯ ಅವತ್ತಿನ ಊಟ ಅದರಲ್ಲೇ ನಡೀಬೇಕು. ಗಂಟೆ ಲೆಕ್ಕ ಹಾಕಿದ್ರೆ ಸಂಜೆ ಬಂದವನಿಗೆ ಸಿಗಬೇಕಾದ್ದು ಹನ್ನೆರಡನೇ ಒಂದು ಭಾಗ. ಅಷ್ಟು ತಗೊಂಡು ಮನೆಗೆ ಹೋದರೆ ರಾತ್ರಿ ಒಲೆ ಹತ್ತೋದಿಲ್ಲ. ಯಜಮಾನ ಗಡಿಯಾರ ನೋಡಲಿಲ್ಲ, ಆ ಒಲೆ ನೋಡಿದ.

ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವರಿಗೆ ಇದು ಸಹಿಸೋಕಾಗಲಿಲ್ಲ. ನಮ್ಮನ್ನೂ ಅವರನ್ನೂ ಒಂದೇ ಮಾಡಿಬಿಟ್ಟೆಯಲ್ಲ ಅಂತ ಗೊಣಗಿದರು. ಅಪ್ರೈಸಲ್ ತಿಂಗಳಲ್ಲಿ ನಮ್ಮ ಕ್ಯಾಂಟೀನ್‌ಗಳಲ್ಲಿ ಕೇಳಿಸೋ ಮಾತೂ ಇದೇ ಅಲ್ವಾ? ಹೊಸದಾಗಿ ಸೇರಿದವನಿಗೆ ನಮಗಿಂತ ಜಾಸ್ತಿ ಪ್ಯಾಕೇಜ್ ಅಂತೆ, ಅವಳಿಗೆ ಹೈಕ್ ಎಷ್ಟಂತೆ ಗೊತ್ತಾ. ಒಂದು ವಿಷಯ ಗಮನಿಸಿ. ಬೆಳಗಿನವರಿಗೆ ಮಾತಾಡಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆ ಆಗಿಲ್ಲ. ಪಕ್ಕದವನ ಕೈ ನೋಡೋ ತನಕ ಅವರ ಕೈಯಲ್ಲಿದ್ದ ದೆನಾರಿ ಚೆನ್ನಾಗೇ ಇತ್ತು. ಯಜಮಾನ ಅವರಲ್ಲೊಬ್ಬನನ್ನ ಗೆಳೆಯಾ ಅಂತ ಕರೆದು, ನಾನು ಒಳ್ಳೆಯವನಾದದ್ದಕ್ಕೆ ನಿನಗೆ ಹೊಟ್ಟೆಕಿಚ್ಚಾ ಅಂತ ಕೇಳ್ತಾನೆ. ಮೂಲ ಗ್ರೀಕ್‌ನಲ್ಲಿ ಅಲ್ಲಿರೋದು ಕೆಟ್ಟ ಕಣ್ಣು ಅನ್ನೋ ಮಾತು. ಕಣ್ಣು ಬೀಳೋದು ಅಂದ್ರೇನು ಅಂತ ನಮ್ಮ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲಾ ಚರ್ಚ್‌ನಲ್ಲಿ ಕೇಳೋಕೆ ಚೆಂದ, ನಿಜವಾದ ಬದುಕಲ್ಲಿ ನಡೆಯುತ್ತಾ ಅಂತ ಯಾರಾದ್ರೂ ಕೇಳಬಹುದು. ನಿಜ, ಇದು ಪರಲೋಕ ರಾಜ್ಯದ ಹೋಲಿಕೆ, ಎಚ್‌ಆರ್ ಪಾಲಿಸಿ ಅಲ್ಲ. ಆದ್ರೂ ಈ ಕಥೆ ಚರ್ಚ್ ಗೋಡೆ ದಾಟಿ ಬಹಳ ದೂರ ಹೋಗಿದೆ. ಇಂಗ್ಲೆಂಡಿನ ಜಾನ್ ರಸ್ಕಿನ್ ತನ್ನ 'ಅಂಟು ದಿಸ್ ಲಾಸ್ಟ್' ಪುಸ್ತಕಕ್ಕೆ ಹೆಸರು ತಗೊಂಡಿದ್ದು ಈ ಕಥೆಯಿಂದಲೇ. 1904ರಲ್ಲಿ ಗೆಳೆಯ ಹೆನ್ರಿ ಪೋಲಕ್ ಕೊಟ್ಟ ಆ ಪುಸ್ತಕವನ್ನ ಗಾಂಧೀಜಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗೋ ರೈಲಿನಲ್ಲಿ ಓದಿದರು. ಅದೇ ವರ್ಷ ಡರ್ಬನ್ ಹತ್ತಿರ ಫೀನಿಕ್ಸ್ ಆಶ್ರಮ ಶುರುವಾಯ್ತು. 1908ರಲ್ಲಿ ಅದರ ಸಾರವನ್ನ ಅವರು ಗುಜರಾತಿಯಲ್ಲಿ ಬರೆದು, ಇಟ್ಟ ಹೆಸರು 'ಸರ್ವೋದಯ'. ನಾವು ಸ್ಕೂಲ್‌ನಲ್ಲಿ ಕೇಳಿದ ಆ ಪದದ ಹಿಂದೆ ಸಂಜೆ ಐದರ ತನಕ ಸಂತೆಬೀದಿಯಲ್ಲಿ ನಿಂತಿದ್ದ ಆ ಆಳುಗಳೂ ಇದ್ದಾರೆ.

ಹಾಗಾದ್ರೆ ನಮ್ಮ ದಿನನಿತ್ಯಕ್ಕೆ ಇದರಿಂದ ಏನು?

ನೀವು ಈಗ ಕಾಯ್ತಾ ಇದ್ದರೆ, ರಿಜೆಕ್ಷನ್ ಮೇಲ್‌ಗಳನ್ನ ನಿಮ್ಮ ಬೆಲೆಯ ಚೀಟಿ ಅಂದ್ಕೋಬೇಡಿ. ಐದು ಗಂಟೆಯವರು ಮಾಡಿದ್ದು ಒಂದೇ ಕೆಲಸ, ಜಾಗ ಬಿಟ್ಟು ಹೋಗದೆ ನಿಂತಿದ್ದು. ಇವತ್ತು ಒಂದು ಅಪ್ಲಿಕೇಶನ್ ಹಾಕಿ, ಒಂದು ಹೊಸ ವಿಷಯ ಕಲೀರಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಂತಿರೋದು ಅಂದ್ರೆ ಇಷ್ಟೇ. ಪ್ರಾರ್ಥನೆಯಲ್ಲಿ ದೊಡ್ಡ ಮಾತು ಬಾರದಿದ್ದರೆ, ನನ್ನನ್ನ ಯಾರೂ ಕರೀಲಿಲ್ಲ ಸ್ವಾಮಿ ಅಂತ ಇದ್ದದ್ದನ್ನ ಇದ್ದ ಹಾಗೆ ಹೇಳಿ. ಆ ಆಳುಗಳು ಹೇಳಿದ್ದೂ ಅಷ್ಟೇ, ಅದು ಸಾಕಾಯ್ತು.

ನಿಮಗೆ ಕೆಲಸ ಇದ್ದರೆ, ಆ ಯಜಮಾನ ಎಷ್ಟು ಸಲ ಸಂತೆಗೆ ಹೋದ ಅಂತ ಎಣಿಸಿ. ಐದು ಸಲ. ಒಂದು ಸಲ ರೆಫರ್ ಮಾಡಿ, ಆಗಲಿಲ್ಲ ಅಂತ ಸುಮ್ಮನಾಗೋದು ಸುಲಭ. ಎರಡನೇ ಸಲ, ಮೂರನೇ ಸಲ ಫೋನ್ ಮಾಡೋರು ಕಡಿಮೆ. ಏಳು ತಿಂಗಳಾದ ಮೇಲೆ ಗೆಳೆಯನಿಗೆ ಬರೋ ಕರೆಗಳೂ ಕಮ್ಮಿ ಆಗಿರ್ತವೆ. ನಾನು ನಮ್ಮ ಟೀಮ್‌ನ ಹೊಸ ಓಪನಿಂಗ್‌ಗೆ ನನ್ನ ಗೆಳೆಯನ ರೆಸ್ಯೂಮೆ ಕಳಿಸಿದ್ದೀನಿ. ಇದು ಮೂರನೇ ಸಲ. ಏನಾಗುತ್ತೋ ಗೊತ್ತಿಲ್ಲ. ಆಗದಿದ್ದರೆ ನಾಲ್ಕು, ಐದು ಇನ್ನೂ ಬಾಕಿ ಇವೆ.