ಕ್ಲಿಕ್ಕಿಗೆ ನಲವತ್ತು ರೂಪಾಯಿ

"ಫಿಲ್ಮಲ್ಲಿ ತೆಗಿ ಮಗಾ, ತಾಳ್ಮೆ ಕಲೀತೀಯ" ಅಂತ ಬೆಂಗಳೂರಿನ ಕೆಫೆಯಲ್ಲಿ ಕೂತು ಉಪದೇಶ ಮಾಡೋರೇ, ಲೆಕ್ಕ ನೋಡಿ. ಕಲರ್ ರೋಲು, ತೊಳೆಸಿ ಸ್ಕ್ಯಾನ್ ಮಾಡಿಸೋದು, ಕೊರಿಯರ್: ಕಳೆದ ಸಲ ನನಗೆ ಬಿದ್ದದ್ದು 1,440 ರೂಪಾಯಿ. ಸಿಕ್ಕಿದ್ದು 36 ಫ್ರೇಮು. ಕ್ಲಿಕ್ಕಿಗೆ 40.

ನಾನು ಕೆ.ಆರ್. ಪೇಟೆಯವನು, ಮೈಸೂರಲ್ಲಿ ಓದ್ತಿದ್ದೀನಿ. ಹೊಸಹೊಳಲು ಲಕ್ಷ್ಮೀನಾರಾಯಣ ಗುಡಿಯ ಹೊರಗೋಡೆಯಲ್ಲಿ ರಾಮಾಯಣ ದಾಟಿ ಮಹಾಭಾರತಕ್ಕೆ ಬರೋ ಮುಂಚೆಯೇ ರೋಲು ಖಾಲಿ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ವೈರಮುಡಿ ರಾತ್ರಿ ಉತ್ಸವ. ಆ ಬೆಳಕಲ್ಲಿ ಅರ್ಧ ಫ್ರೇಮು ಕೆಡೋದೇ. ಕೆಡಿಸದೆ ಕಲಿಯೋದು ಹೇಗೆ? ದುಡ್ಡಿಲ್ಲದವನಿಗೆ ಬರೋದು ತಾಳ್ಮೆ ಅಲ್ಲ ಸ್ವಾಮಿ, ಪುಕ್ಕಲುತನ. ನಾಗಮಂಗಲದ ಬೀದೀಲಿ ಓಡಾಡೋ ಮುಖಗಳನ್ನ ಬಿಟ್ಟು, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯಂಥ ಅಲುಗಾಡದ್ದನ್ನೇ ತೆಗೀತೀವಿ. (ಅದು 1804ರಿಂದ ಅಲ್ಲೇ ಇದೆ, ನಾಳೆಯೂ ಇರುತ್ತೆ.)

ಊಟಿಯ ಸರ್ಕಾರಿ ಕಾರ್ಖಾನೆಯ 'ಇಂದು' ಫಿಲ್ಮಿನ ಕಾಲ ಮುಗೀತು, ಸರಿ. ಆದ್ರೆ ಫಿಲ್ಮ್ ಅಸೈನ್‌ಮೆಂಟ್ ಕಡ್ಡಾಯ ಮಾಡೋ ಕಾಲೇಜು ನೂರಡಿಯ ಕಪ್ಪು-ಬಿಳುಪು ಸುರುಳಿ ತರಿಸಲಿ. 36 ಫ್ರೇಮಿನ ಸುಮಾರು 18 ರೋಲಾಗುತ್ತೆ. ತೊಳೆಯೋಕೆ ಒಂದು ಡಾರ್ಕ್‌ರೂಮ್ ಕೊಡಲಿ. ಅದಾಗಲ್ವಾ? ಹಾಗಾದ್ರೆ ಫೋನಲ್ಲಿ ತೆಗೆದ ಫೋಟೋಗೂ ಅಷ್ಟೇ ಮಾರ್ಕ್ಸ್ ಕೊಡಲಿ.